ರಶ್ಮಿ ರೂಮಿನ ಕರೆಂಟು

"ಇದರಲ್ಲಿ ಇನ್ನೊಂದಕ್ಕೆ ಜಾಗ ಇಲ್ವಾ?"

ಉಮಾಮಹೇಶ್ವರಿ ಕೇಳಿದ್ದು ಯಾರನ್ನೂ ಅಲ್ಲ. ನಡುಮನೆಯಲ್ಲಿ ಆಗ ಯಾರೂ ಇರಲಿಲ್ಲ. ಗಂಡ ಷಡಕ್ಷರಪ್ಪ ಪಿಂಚಣಿದಾರರ ಸಂಘಕ್ಕೆ ಹೋಗಿದ್ದರು. ಮಗ ಜ್ಞಾನೇಶ್ ಅಂಗಡಿಯಲ್ಲಿದ್ದ. ಸೊಸೆ ಪ್ರಿಯದರ್ಶಿನಿ ಮಗಳು ಸಮತಾಳನ್ನು ಶಾಲೆಗೆ ಬಿಡಲು ಹೋಗಿದ್ದಳು. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಕರೆಂಟಿನ ಬೋರ್ಡಿನ ಮುಚ್ಚಳ ತೆಗೆದು, ಕನ್ನಡಕ ಏರಿಸಿಕೊಂಡು, ಅವರು ಸಾಲಾಗಿ ನಿಂತ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಎಂಟು ಖಾನೆ. ಎಂಟೂ ತುಂಬಿದ್ದವು. ಒಂದೊಂದರ ಕೆಳಗೂ ಷಡಕ್ಷರಪ್ಪನವರ ದುಂಡು ಅಕ್ಷರದ ಚೀಟಿ: ಹೊರಗಿನ ಲೈಟು, ಅಡುಗೆಮನೆ, ಕೆಳಗಿನ ಗೀಸರ್, ಮೇಲಿನ ಗೀಸರ್, ಮೋಟಾರು, ಏಸಿ, ಓವನ್, ದೇವರಮನೆ.

ಓವನ್ ಎಂಬ ಚೀಟಿಯ ಅಡಿಯಲ್ಲಿ ಇನ್ನೊಂದು ಚೀಟಿ ಇತ್ತು. ಅದು ಮನೆಯವರಿಗೆಲ್ಲ ಗೊತ್ತು. ಹೊಸಮನೆ ಬಡಾವಣೆಯಲ್ಲಿ ಈ ಮನೆ ಕಟ್ಟಿಸಿದಾಗ ಆ ಖಾನೆಗೆ "ರಶ್ಮಿ ರೂಮು" ಎಂದು ಬರೆದಿದ್ದರು. ರಶ್ಮಿ ಮದುವೆಯಾಗಿ ಭದ್ರಾವತಿಗೆ ಹೋದಳು. ಮಹಡಿಯ ಹಿಂಬದಿಯ ಅವಳ ರೂಮಿನಲ್ಲಿ ಮೊದಲು ಹಳೆಯ ಮಂಚ, ಆಮೇಲೆ ಮೈದಾ ಮೂಟೆ, ಕೇಕಿನ ತಗಡುಗಳು ಸೇರಿಕೊಂಡವು. ಪ್ರಿಯದರ್ಶಿನಿ ಮನೆಯಲ್ಲೇ ಕೇಕು ಬನ್ನು ಮಾಡಿ ಮಾರುವುದಕ್ಕೆ ಶುರು ಮಾಡಿದಾಗ ಆ ರೂಮಿನ ತಂತಿ ಬಿಚ್ಚಿ ಓವನ್ನಿನ ತಂತಿ ಕೂರಿಸಿದರು. ಮೈದಾ ಮೂಟೆಗೆ ಬೆಳಕು ಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಈಗ ರಶ್ಮಿ ಬರಬೇಕಿತ್ತು. ಗಂಡ ಶಿವರಾಜ್ ಕೆಲಸಕ್ಕೆಂದು ಬಳ್ಳಾರಿ ಕಡೆ ಹೋದವನು ಅಲ್ಲೇ ಬೇರೆ ಸಂಸಾರ ಮಾಡಿಕೊಂಡಿದ್ದ. ರಶ್ಮಿ ಭದ್ರಾವತಿಯ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಮಗನ ಮದುವೆಗೆ ಮನೆ ಬೇಕು, ಬಿಟ್ಟುಕೊಡಿ ಎಂದು ಮಾಲೀಕರು ಹೇಳಿದ್ದರು. "ಅಲ್ಲಿಗೇ ಬರ್ಲಾ ಅಮ್ಮ?" ಎಂದು ಫೋನಿನಲ್ಲಿ ಕೇಳಿದ್ದಳು. ಅವಳು ಮದುವೆಯಾದ ಮೇಲೆ ತಾಯಿಯ ಹತ್ತಿರ ಏನಾದರೂ ಕೇಳಿದ್ದು ಅದೇ ಮೊದಲು.

ಉಮಾಮಹೇಶ್ವರಿ ಆ ದಿನ ಊಟಕ್ಕೆ ಅಕ್ಕಿರೊಟ್ಟಿ ತಟ್ಟಿದರು, ಅವರೆಕಾಳಿನ ಸಾರು ಮಾಡಿದರು. ಎಲ್ಲರ ತಟ್ಟೆಗೂ ಎರಡನೇ ರೊಟ್ಟಿ ಬಿದ್ದ ಮೇಲೆ ವಿಷಯ ತೆಗೆದರು.

"ಬರ್ಲಿ ಬಿಡು, ಅಕ್ಕನ ಮನೆ ಅಲ್ವಾ ಇದು," ಎಂದ ಜ್ಞಾನೇಶ್. ಒಂದು ತುತ್ತು ತಿಂದು, "ಆದ್ರೆ ಆ ರೂಮಿಗೆ ಕರೆಂಟೇ ಇಲ್ವಲ್ಲಮ್ಮ," ಎಂದ.

"ಕೊಡ್ಸು."

"ಎಲ್ಲಿಂದ ಕೊಡಿಸ್ಲಿ? ಬೋರ್ಡು ಫುಲ್ಲು."

"ಯಾವುದಾದ್ರೂ ಒಂದು ತೆಗಿ."

ಸಾರು ಬಡಿಸುತ್ತಿದ್ದ ಪ್ರಿಯದರ್ಶಿನಿ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

"ಓವನ್ ಅಂತೂ ತೆಗಿಯಕ್ಕಾಗಲ್ಲ ಅತ್ತೆ. ಈ ಮನೇಲಿ ನಂದು ಅಂತ ಇರೋದು ಅದೊಂದೇ."

"ನಾನು ಓವನ್ ಅಂದ್ನಾ?"

"ಅನ್ಲಿಲ್ಲ. ನೋಡಿದ್ರಿ."

ಷಡಕ್ಷರಪ್ಪ ನೀರು ಕುಡಿದು, ಚಂದ್ರಹಾಸನನ್ನು ಒಂದು ಮಾತು ಕೇಳೋಣ ಎಂದರು. ಜಗಳ ಹತ್ತಿರ ಬಂದಾಗ ಮೂರನೆಯವರನ್ನು ಕರೆಸುವುದು ಅವರ ರೂಢಿ.

ಚಂದ್ರಹಾಸ ಅದೇ ಬೀದಿಯ ಎಲೆಕ್ಟ್ರಿಷಿಯನ್. ಮನೆಯ ವೈರಿಂಗ್ ಅವನದೇ. ಟೆಸ್ಟರ್ ಕಿವಿಗೆ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ನಿಂತವನು, ಎಂಟರ ಡಬ್ಬಿಗೆ ಎಂಟೇ, ಒಂಬತ್ತು ಹಿಡಿಯುವುದಿಲ್ಲ ಎಂದ. ಹನ್ನೆರಡರ ಡಬ್ಬಿ ಹಾಕಬಹುದಲ್ಲ ಎಂದು ಉಮಾಮಹೇಶ್ವರಿ ಕೇಳಿದರು.

"ಹಾಕ್ಬೋದು ಅಮ್ಮ. ಡಬ್ಬಿ ಎಷ್ಟು ದೊಡ್ಡದಾದ್ರೂ ಕಂಬದಿಂದ ಬರೋ ವೈರು ಅಷ್ಟೇ ಇರತ್ತಲ್ಲ. ಈಗ್ಲೇ ಎರಡು ಗೀಸರು, ಓವನ್ನು ಒಟ್ಟಿಗೆ ಹಾಕಿದ್ರೆ ಮೇನ್ ಬೀಳ್ತಿದೆ. ಲೋಡ್ ಜಾಸ್ತಿ ಮಾಡ್ಸಕ್ಕೆ ಅರ್ಜಿ ಕೊಡ್ಬೇಕು, ದಪ್ಪ ವೈರು ಎಳೀಬೇಕು, ಗೋಡೆ ಒಡೀಬೇಕು."

"ಈಗ ತಾನೇ ಪೇಂಟ್ ಮಾಡ್ಸಿದೀನಿ," ಎಂದ ಜ್ಞಾನೇಶ್. "ಯುಗಾದಿ ಆದ್ಮೇಲೆ ನೋಡೋಣ."

"ಮನೆ ಕಟ್ಟಿಸೋವಾಗ್ಲೇ ಒಂದು ಖಾನೆ ಖಾಲಿ ಬಿಟ್ಕೊಳ್ಳಿ ಅಂದಿದ್ದೆ ಯಜಮಾನ್ರೇ," ಎಂದ ಚಂದ್ರಹಾಸ. "ಯಾವಾಗ್ಲೂ ಒಂದು ಖಾಲಿ ಇರ್ಬೇಕು."

ಖಾಲಿ ಬಿಟ್ಟಿರಲಿಲ್ಲ. ಷಡಕ್ಷರಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ಏನೋ ಒಂದು ಮಾಡು ಮಾರಾಯ. ಒಂದು ಬಲ್ಬು, ಒಂದು ಫ್ಯಾನು, ಅಷ್ಟೇ ತಾನೇ," ಎಂದರು. ಚಂದ್ರಹಾಸ ತಲೆ ಕೆರೆದುಕೊಂಡ. ಬೇಡವೆಂದು ಎರಡು ಸಲ ಅಂದ. ಕೊನೆಗೆ ಪ್ರಿಯದರ್ಶಿನಿ ಕೊಟ್ಟ ಬಿಸಿ ಬನ್ನು ತಿಂದು, ರಶ್ಮಿ ರೂಮಿನ ತಂತಿಯನ್ನು ದೇವರಮನೆಯ ಎಂಸಿಬಿಗೇ ಜೊತೆಯಾಗಿ ಸಿಕ್ಕಿಸಿ ಹೋದ.

ಕಾರ್ತಿಕ ಮುಗಿಯುವ ಹೊತ್ತಿಗೆ ರಶ್ಮಿ ಆಟೋದಲ್ಲಿ ಬಂದಿಳಿದಳು. ಎರಡು ಸೂಟ್‌ಕೇಸು, ಒಂದು ಕುಕ್ಕರು, ನೀರು ಕಾಯಿಸುವ ಒಂದು ಕರೆಂಟಿನ ಕೆಟಲು, ಒಂದು ತುಳಸಿ ಗಿಡ. ಮೈದಾ ಮೂಟೆಗಳು ಮೆಟ್ಟಿಲ ಕೆಳಗೆ ಇಳಿದವು. ಗೋಡೆಯಲ್ಲಿದ್ದ ತನ್ನ ಹಳೆಯ ಮೊಳೆಗೆ ಅವಳು ಹಳೆಯ ಕನ್ನಡಿಯನ್ನೇ ತೂಗುಹಾಕಿದಳು. ಆ ಕನ್ನಡಿಯನ್ನು ಉಮಾಮಹೇಶ್ವರಿ ಟ್ರಂಕಿನಲ್ಲಿ ಸೀರೆ ಸುತ್ತಿ ಇಟ್ಟಿದ್ದರು.

ಆ ಮನೆಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ, ಕಾಫಿ ಸಹ. ಹಾಗಾಗಿ ಹಸಿವಾದವರೆಲ್ಲ ಬೆಳಿಗ್ಗೆ ಒಟ್ಟಿಗೇ ಬಚ್ಚಲಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಪ್ರಿಯದರ್ಶಿನಿ ಒಂದು ಕ್ಯಾಂಟೀನಿಗೆ ದಿನಾ ಕೊಡುವ ಬನ್ನಿಗೆ ಓವನ್ ಕಾಯುವುದೂ ಅದೇ ಹೊತ್ತಿಗೆ. ಮೇನ್ ಬೀಳುತ್ತಿತ್ತು. ಯಾರು ಯಾವಾಗ ಸ್ನಾನ ಮಾಡಬೇಕೆಂದು ಷಡಕ್ಷರಪ್ಪ ಸರದಿ ಹಾಕಿಕೊಟ್ಟಿದ್ದರು. ಮೊದಲು ಹೆಂಡತಿ, ಆಮೇಲೆ ತಾವು, ಓವನ್ ಆರಿದ ಮೇಲೆ ಉಳಿದವರು.

ಭದ್ರಾವತಿಯ ಬಸ್ಸು ಹಿಡಿಯಬೇಕಾದ ರಶ್ಮಿಗೆ ಆ ಸರದಿಯಲ್ಲಿ ಜಾಗ ಸಿಗಲಿಲ್ಲ. ಅವಳು ಯಾರನ್ನೂ ಕೇಳಲಿಲ್ಲ. ತನ್ನ ರೂಮಿನಲ್ಲೇ ಕೆಟಲಿನಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ಬೆರೆಸಿಕೊಂಡು ಸ್ನಾನ ಮಾಡುತ್ತಿದ್ದಳು. ಕೆಟಲಿನ ನೀರು ಇನ್ನೇನು ಕಾಯಿತು ಅನ್ನುವ ಹೊತ್ತಿಗೆ ಕೆಳಗೆ ಟಪ್ ಎಂದು ಎಂಸಿಬಿ ಬೀಳುತ್ತಿತ್ತು. ದೇವರಮನೆಯ ಬಲ್ಬು ಆರುತ್ತಿತ್ತು.

ಆ ಹೊತ್ತಿಗೆ ಉಮಾಮಹೇಶ್ವರಿ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಿರುತ್ತಿದ್ದರು. ಬಲ್ಬು ಆರಿದರೆ ಎಣ್ಣೆ ದೀಪದ ಸಣ್ಣ ಕುಡಿಯೊಂದೇ ಉಳಿಯುತ್ತಿತ್ತು. ಪಕ್ಕದಲ್ಲಿ ಕಣ್ಣುಜ್ಜುತ್ತ ಕೂತ ಸಮತಾ, "ರಶ್ಮಿ ಅತ್ತೆ ಎದ್ರು," ಎಂದು ಸಾರುತ್ತಿದ್ದಳು. ಉಮಾಮಹೇಶ್ವರಿ ಅವಸರ ಮಾಡುತ್ತಿರಲಿಲ್ಲ. ಕತ್ತಲಲ್ಲಿ ಕೂತು ಮೇಲಿನ ಹೆಜ್ಜೆ ಕೇಳುತ್ತಿದ್ದರು, ಬಕೆಟ್ಟಿನ ಸದ್ದು, ಕಪಾಟಿನ ಬಾಗಿಲು. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಆಮೇಲೆ ಎದ್ದು ಹೋಗಿ ಎಂಸಿಬಿ ಮೇಲೆತ್ತುತ್ತಿದ್ದರು.

"ಅತ್ತಿಗೆ ನೀರು ಕಾಯಿಸಿದ್ರೆ ನಮ್ಮನೇಲಿ ದೇವ್ರು ಕತ್ಲಲ್ಲಿ ಕೂತ್ಕೋಬೇಕು," ಎಂದು ಪ್ರಿಯದರ್ಶಿನಿ ಒಂದು ದಿನ ಹೇಳಿದಳು.

"ದೇವ್ರಿಗೆ ಬಸ್ಸು ತಪ್ಪಲ್ಲ ಪ್ರಿಯಾ," ಎಂದು ರಶ್ಮಿ ಡಬ್ಬಿಗೆ ಉಪ್ಪಿಟ್ಟು ತುಂಬಿಸಿಕೊಳ್ಳುತ್ತ ನಕ್ಕಳು. ಇಬ್ಬರೂ ನಕ್ಕರು. ಮೊದಲ ವಾರ ಅದು ತಮಾಷೆಯಾಗಿತ್ತು. ಮೂರನೇ ವಾರದಲ್ಲಿ ಅದೇ ಮಾತನ್ನು ಪ್ರಿಯದರ್ಶಿನಿ ಗೋಡೆಗೆ ಹೇಳಿದಳು, ರಶ್ಮಿ ಕೇಳಿಸಿಕೊಳ್ಳದವಳಂತೆ ಚಪ್ಪಲಿ ಮೆಟ್ಟಿದಳು.

ದೇವರಮನೆಯ ತಂತಿಯಲ್ಲೇ ನಡುಮನೆಯ ಟಿವಿಯೂ ಇಂಟರ್‌ನೆಟ್ಟೂ ಇದ್ದವು. ಒಂದು ಸಂಜೆ ರಶ್ಮಿ ಇಸ್ತ್ರಿ ಹಾಕಿದಾಗ, ಫೋನಿನಲ್ಲಿ ಮುಖ ನೋಡಿಕೊಂಡು ಗಿರಾಕಿಯ ಜೊತೆ ಮಾತಾಡುತ್ತಿದ್ದ ಜ್ಞಾನೇಶನಿಗೆ ಅರ್ಧದಲ್ಲೇ ಎಲ್ಲ ನಿಂತುಹೋಯಿತು. ಮರುದಿನ ಗಾಂಧಿ ಬಜಾರಿನಿಂದ ಇನ್ನೂ ದೊಡ್ಡ ಎಂಸಿಬಿ ತಂದು, ಮೇನ್ ಆಫ್ ಮಾಡಿ, ಹಳೆಯದನ್ನು ಕಿತ್ತು ತಾನೇ ಕೂರಿಸಿದ. "ಇನ್ಮೇಲೆ ಬೀಳಲ್ಲ ನೋಡು. ಎಷ್ಟು ಬೇಕಾದ್ರೂ ಕಾಯಿಸ್ಕೊ ಅಕ್ಕ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಅದು ಬೀಳಲಿಲ್ಲ. ಬಲ್ಬು ಉರಿಯುತ್ತಲೇ ಇತ್ತು. ಸಮತಾ ಎರಡು ಬೆಳಿಗ್ಗೆ, "ಅತ್ತೆ ಇನ್ನೂ ಎದ್ದಿಲ್ವಾ?" ಎಂದು ಕೇಳಿದಳು. ಉಮಾಮಹೇಶ್ವರಿಗೆ ಪೂಜೆಯಲ್ಲಿ ಏನೋ ಒಂದು ಕಡಮೆಯಾದ ಹಾಗೆ ಅನ್ನಿಸಿ, ಮನಸ್ಸು ಪದೇ ಪದೇ ಮಹಡಿಗೆ ಹೋಯಿತು.

ಆ ವಾರದ ಕೊನೆಗೆ ನಡುಮನೆಯಲ್ಲಿ ಸುಟ್ಟ ವಾಸನೆ. ಓವನ್ನಿನಲ್ಲಿ ಏನೋ ಹೊತ್ತಿದೆ ಎಂದು ಎಲ್ಲರೂ ಅಡುಗೆಮನೆಗೆ ಓಡಿದರು. ಓವನ್ ಆರಿತ್ತು. ಷಡಕ್ಷರಪ್ಪ ಬೋರ್ಡಿನ ಮುಚ್ಚಳಕ್ಕೆ ಕೈಯಿಟ್ಟವರು ಥಟ್ಟನೆ ಹಿಂದೆಗೆದರು. ಬಿಸಿ.

ಚಂದ್ರಹಾಸ ಬಂದು ಮೇನ್ ಇಳಿಸಿ ಬಿಚ್ಚಿ ತೋರಿಸಿದ. ಒಂದೇ ಸ್ಕ್ರೂವಿನಡಿ ಎರಡು ತಂತಿ. ಎರಡರ ಮೇಲಿನ ಪ್ಲಾಸ್ಟಿಕ್ಕೂ ಕಂದಾಗಿ ಕರಗಿತ್ತು.

"ದೊಡ್ಡದು ಹಾಕಿದ್ಯಾರು?"

"ನಾನು," ಎಂದ ಜ್ಞಾನೇಶ್.

"ಬೀಳ್ತಿತ್ತು ಅಂತ ತಾನೇ? ಬೀಳ್ಬೇಕು ಅಣ್ಣ ಅದು. ಅದಿರೋದೇ ಬೀಳಕ್ಕೆ. ಇದು ಲೈಟಿನ ವೈರು, ತೆಳ್ಳಗಿದೆ. ಎಂಸಿಬಿ ಬೀಳ್ದಿದ್ರೆ ವೈರು ಸುಡತ್ತೆ." ಸುಟ್ಟ ತಂತಿಯನ್ನು ಕಿತ್ತು ತೆಗೆಯುತ್ತ, "ಎರಡನ್ನ ಒಂದಕ್ಕೆ ಕೊಟ್ಟಿದ್ದು ನಂದೂ ತಪ್ಪೇ," ಎಂದ.

ಸುಟ್ಟ ತಂತಿ ಬದಲಾಯಿತು. ಹಳೆಯ ಎಂಸಿಬಿ ಮತ್ತೆ ಬಂತು. ರಶ್ಮಿ ರೂಮಿನಲ್ಲಿ ಬಲ್ಬು, ಫ್ಯಾನು ಬಿಟ್ಟು ಇನ್ನೇನೂ ಹಾಕಬಾರದೆಂದು ತೀರ್ಮಾನವಾಯಿತು. ಅದು ಕೂಡ ಯುಗಾದಿಯವರೆಗೆ ಮಾತ್ರ ಎಂದು ಚಂದ್ರಹಾಸ ಹೇಳಿದ. ರಶ್ಮಿ, "ಸರಿ," ಎಂದಳು. ಕೆಟಲನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದಳು.

ಪುಷ್ಯದ ಚಳಿ. ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಬಂದ ಮಗಳ ಕೈಗೆ ಡಬ್ಬಿ ಕೊಡುವಾಗ ಉಮಾಮಹೇಶ್ವರಿಗೆ ಅವಳ ಬೆರಳು ತಾಕಿತು. ಮಂಜುಗಡ್ಡೆಯ ಹಾಗಿತ್ತು.

"ತಣ್ಣೀರಲ್ಲಿ ಸ್ನಾನ ಮಾಡ್ತಿದ್ಯಾ?"

"ಒಳ್ಳೇದಂತಮ್ಮ ಮೈಗೆ."

"ಯಾರಂದ್ರು?"

"ಬಸ್ಸು ಬರತ್ತೆ," ಎಂದು ಅವಳು ಹೊರಟಳು.

ಅಂದು ಮಧ್ಯಾಹ್ನ ಉಮಾಮಹೇಶ್ವರಿ ಯಾರಿಗೂ ಹೇಳದೆ ಚಂದ್ರಹಾಸನನ್ನು ಕರೆಸಿದರು. ಕೆಳಗಿನ ಗೀಸರಿನ ತಂತಿ ಬಿಚ್ಚು, ಆ ಖಾನೆ ರಶ್ಮಿ ರೂಮಿಗೆ ಕೊಡು, ಹೊಸ ತಂತಿಯನ್ನೇ ಎಳೆ ಎಂದರು. ಮತ್ತೆ ನಿಮಗೆ ಬಿಸಿನೀರು ಎಂದು ಅವನು ಕೇಳಿದ. ಹಿತ್ತಲಲ್ಲಿ ಹಳೆಯ ಬಚ್ಚಲೊಲೆ ಇತ್ತು, ಅದರ ಮೇಲೆ ಕೂತ ತಾಮ್ರದ ಹಂಡೆಯೂ ಇತ್ತು. ಪೊರಕೆ, ಹಳೆ ಡಬ್ಬಗಳನ್ನು ತುಂಬಿಟ್ಟಿದ್ದ ಆ ಜಾಗವನ್ನು ಅವರು ಹಿಂದಿನ ದಿನವೇ ಗುಡಿಸಿದ್ದರು.

ಷಡಕ್ಷರಪ್ಪ ಸಂಜೆ ಬಂದು ನೋಡಿ, ಹೊಸ ಚೀಟಿ ಕತ್ತರಿಸಿ "ರಶ್ಮಿ ರೂಮು" ಎಂದು ಬರೆದು ಅಂಟಿಸಿದರು.

ಮರುದಿನದಿಂದ ಉಮಾಮಹೇಶ್ವರಿ ಎಲ್ಲರಿಗಿಂತ ಮೊದಲೇ ಎದ್ದು ಕರಟ, ಕಾಯಿಸಿಪ್ಪೆ ಒಟ್ಟಿ ಒಲೆ ಹಚ್ಚಿದರು. ಹೊಗೆ ಹಿತ್ತಲಿನಿಂದ ಅಡುಗೆಮನೆಗೆ ಬಂತು. ಅವರ ಕಣ್ಣು ಕೆಂಪಾಯಿತು, ಕೆಮ್ಮು ಹಿಡಿಯಿತು. ಆದರೂ ಅವರ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಗೆಲುವಿತ್ತು. ಮೇಲೆ ಕೆಟಲಿನ ನೀರು ಬಕೆಟ್ಟಿಗೆ ಸುರಿಯುವ ಸದ್ದು ಕೇಳಿದಾಗ ಅವರು ಊದುಗೊಳವೆ ಕೆಳಗಿಟ್ಟು ಆ ಕಡೆಗೆ ತಲೆಯೆತ್ತುತ್ತಿದ್ದರು.

ಭಾನುವಾರ ಜ್ಞಾನೇಶ್ ಅಕ್ಕನನ್ನು ಮಹಡಿಯ ಮೆಟ್ಟಿಲಲ್ಲಿ ನಿಲ್ಲಿಸಿದ.

"ಅಮ್ಮ ಈ ವಯಸ್ಸಲ್ಲಿ ಒಲೆ ಊದ್ತಾ ಕೂತಿದಾರೆ. ನೋಡಿದ್ಯಾ?"

"ನೋಡ್ದೆ."

"ನಾನು ನಿನ್ನ ಹೋಗು ಅಂತಿಲ್ಲ."

"ಇಲ್ಲ. ನೀನೇನೂ ಅಂತಿಲ್ಲ," ಎಂದಳು ರಶ್ಮಿ.

"ಯುಗಾದಿ ಆಗ್ಲಿ, ಲೋಡ್ ಜಾಸ್ತಿ ಮಾಡಿಸ್ತೀನಿ ಅಂದಿದೀನಲ್ಲ."

"ಹೂಂ. ಮಾಡ್ಸು."

ಎರಡು ವಾರದೊಳಗೆ ಅವಳು ಭದ್ರಾವತಿಯ ಜನ್ನಾಪುರದಲ್ಲಿ ತನ್ನ ಜೊತೆ ಕೆಲಸ ಮಾಡುವ ಪುಷ್ಪಾ ಎಂಬ ನರ್ಸಿನ ಮನೆಯಲ್ಲಿ ಒಂದು ಕೋಣೆ ಹಿಡಿದಳು. ಓಡಾಟ ಕಷ್ಟ, ಡ್ಯೂಟಿ ಬದಲಾಗಿದೆ ಎಂದು ಎಲ್ಲರಿಗೂ ಹೇಳಿದಳು. ಸೂಟ್‌ಕೇಸು ಆಟೋಗೆ ಇಡುವಾಗ ತಾಯಿಯ ಹತ್ತಿರ ಬಂದು ಕಣ್ಣು ನೋಡಿದಳು.

"ಗೀಸರ್ ಮತ್ತೆ ಹಾಕಿಸ್ಕೊ ಅಮ್ಮ. ನೀನು ಹೊಗೇಲಿ ಕೂತಿರೋವಾಗ ನಾನು ಮೇಲೆ ಬಿಸಿನೀರು ಹಾಕ್ಕೊಳ್ಳಕ್ಕೆ ಆಗಲ್ಲ."

ತಾನು ಒಲೆ ಹಚ್ಚಿದ್ದು ಅವಳು ಇರಲಿ ಎಂದು. ಅವಳು ಹೊರಟಿದ್ದು ಒಲೆ ಹಚ್ಚಿದ್ದಕ್ಕೆ. ಉಮಾಮಹೇಶ್ವರಿ, ತುಳಸಿ ಗಿಡ ಇಲ್ಲೇ ಇರಲಿ ಎಂದಷ್ಟೇ ಕೇಳಿದರು. ರಶ್ಮಿ ಬಿಟ್ಟು ಹೋದಳು. ಕನ್ನಡಿಯನ್ನೂ ಬಿಟ್ಟಳು.

ಬಳಿಕದ ವಾರಗಳಲ್ಲಿ ಪ್ರಿಯದರ್ಶಿನಿ ಮೈದಾ ಮೂಟೆಗಳನ್ನು ಮೇಲೆ ಸಾಗಿಸಲಿಲ್ಲ. ಮೆಟ್ಟಿಲ ಕೆಳಗೆ ಅವು ಇದ್ದ ಹಾಗೇ ಇದ್ದವು. ಅತ್ತೆಗೆ ಜೀರಿಗೆ ಕಷಾಯ ಮಾಡಿ ಲೋಟ ಮುಂದಿಟ್ಟು ಹೋಗುತ್ತಿದ್ದಳು. ಒಂದು ದಿನ ಮಾತ್ರ ನಿಂತು, "ನಾನು ಅಷ್ಟು ಅನ್ಬಾರ್ದಿತ್ತು," ಎಂದಳು. ಯಾವ ಮಾತು ಎಂದು ಉಮಾಮಹೇಶ್ವರಿ ಕೇಳಲಿಲ್ಲ.

ಮಾಘದಲ್ಲಿ ಒಂದು ಬೆಳಿಗ್ಗೆ ಅವರು ಚಟ್ನಿಪುಡಿ, ಒಣರೊಟ್ಟಿ, ಒಂದು ಬಾಟಲಿ ತುಪ್ಪ ಕಟ್ಟಿಕೊಂಡು ಭದ್ರಾವತಿಯ ಬಸ್ಸು ಹತ್ತಿದರು. ಷಡಕ್ಷರಪ್ಪ ಬಸ್‌ಸ್ಟ್ಯಾಂಡಿನವರೆಗೆ ಬಂದು, ನಾನು ಬಂದರೆ ಅವಳು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ನೀನೇ ಹೋಗು ಎಂದು ಕಳಿಸಿದರು.

ಪುಷ್ಪಾಳ ಮನೆ ಚಿಕ್ಕದು. "ವಾಂಗಮ್ಮ, ಬನ್ನಿ ಬನ್ನಿ," ಎಂದು ತಮಿಳು ಕನ್ನಡ ಎರಡರಲ್ಲೂ ಕರೆದು, ಕಾಫಿ ಕೊಟ್ಟು, ಡ್ಯೂಟಿಗೆ ಹೋದಳು. ರಶ್ಮಿಯ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೂಲು, ಗೋಡೆಯಲ್ಲಿ ಮೂರು ಸ್ವಿಚ್ಚು. ಸ್ಟೂಲಿನ ಮೇಲೆ ಕೆಟಲು ಇತ್ತು. ಉಮಾಮಹೇಶ್ವರಿ ಅದನ್ನು ಮುಟ್ಟಿ ನೋಡಿದರು.

"ಇಲ್ಲಿ ಬೀಳಲ್ವಾ?"

"ಬೀಳಲ್ಲಮ್ಮ."

"ಒಳ್ಳೇದಾಯ್ತು."

ಇಬ್ಬರೂ ರೊಟ್ಟಿ ತಿಂದರು. ಪಕ್ಕದ ಮನೆಯ ರೇಡಿಯೋದಲ್ಲಿ ತೆಲುಗು ಹಾಡು ಬರುತ್ತಿತ್ತು. ತಾಯಿ ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿದರು. ಬೈತಲೆಯ ಪಕ್ಕ ಬಿಳಿ ಕೂದಲು ಬಂದಿತ್ತು. ಅದನ್ನು ಕಪ್ಪು ಕೂದಲಿನ ಒಳಗೆ ಸೇರಿಸಿ ಹೆಣೆದರು.

"ದೇವರಮನೆ ಲೈಟು ಈಗ ಆರಲ್ಲ ಅಲ್ವಾ ಅಮ್ಮ?" ಎಂದು ರಶ್ಮಿ ಮುಂದಕ್ಕೆ ನೋಡುತ್ತಲೇ ಕೇಳಿದಳು.

"ಆರಲ್ಲ," ಎಂದರು. ಜಡೆಯ ತುದಿಗೆ ರಬ್ಬರ್ ಹಾಕಿ, "ನಾನು ಕಾಯ್ತಾ ಕೂತಿರ್ತೀನಿ. ಆರಲ್ಲ," ಎಂದರು.

ರಶ್ಮಿ ತಿರುಗಲಿಲ್ಲ. ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಹಿಡಿದು ಕೂತಳು. ತಾಯಿ ವಾಪಸು ಹೊರಟಾಗ ಅವಳು ಬಸ್ಸಿನ ಕಿಟಕಿಯ ಹೊರಗೆ ನಿಂತು, ಶಿವರಾತ್ರಿಗೆ ಬರ್ತೀಯಾ ಎಂದು ಅಮ್ಮ ಕೇಳಿದ್ದಕ್ಕೆ, ನೋಡೋಣ ಎಂದಳು. ಬಸ್ಸು ಭದ್ರಾ ಸೇತುವೆ ದಾಟುವವರೆಗೂ ಉಮಾಮಹೇಶ್ವರಿ ಎಣ್ಣೆ ಅಂಟಿದ ಕೈಯನ್ನು ಒರೆಸಿಕೊಳ್ಳಲಿಲ್ಲ.

ಶಿವರಾತ್ರಿಗೆ ರಶ್ಮಿ ಬರಲಿಲ್ಲ. ಡ್ಯೂಟಿ ಇದೆ ಎಂದು ಫೋನು ಮಾಡಿದಳು.

ಹಬ್ಬದ ಮರುದಿನ ಸಂಜೆ. ಉಮಾಮಹೇಶ್ವರಿ ದೇವರ ದೀಪ ಹಚ್ಚಿ, ನಡುಮನೆಗೆ ಬಂದು, ಬೋರ್ಡಿನ ಮುಚ್ಚಳ ತೆರೆದು, ರಶ್ಮಿ ರೂಮಿನ ಎಂಸಿಬಿಯನ್ನು ಮೇಲೆತ್ತಿದರು. ಹೋಗುವಾಗ ರಶ್ಮಿ ಬಲ್ಬಿನ ಸ್ವಿಚ್ಚು ಆರಿಸಿರಲಿಲ್ಲ, ಅವರೂ ಆರಿಸಿರಲಿಲ್ಲ. ಮಹಡಿಯ ಕಿಟಕಿಯಿಂದ ಬೆಳಕು ಹಿತ್ತಲಿಗೆ ಇಳಿದು ಹಂಡೆಯ ಅಂಚಿನ ಮೇಲೆ ಬಿತ್ತು. ದಿನಾ ಸಂಜೆ ಹೀಗೆ ಏರಿಸಿ, ಮಲಗುವ ಮುಂಚೆ ಇಳಿಸುತ್ತಿದ್ದರು. ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

ಅಂಗಡಿಯಿಂದ ಬೇಗ ಬಂದಿದ್ದ ಜ್ಞಾನೇಶ್ ಹಿಂದೆ ಬಂದು ನಿಂತ. ಅವನ ದನಿ ಮೆತ್ತಗಿತ್ತು.

"ಅಮ್ಮ, ನಾಳೆ ಚಂದ್ರಹಾಸನ್ನ ಬರಕ್ಕೆ ಹೇಳಿದೀನಿ. ಗೀಸರ್ ವಾಪಸ್ ಹಾಕ್ಸೋಣ."

ಅವರು ಕೆಮ್ಮಿದರು.

"ನಂಗೆ ಬೇಕು ಅಂತಲ್ಲ. ಓವನ್ನಿಗೂ ಅಲ್ಲ. ನಿಂಗೇ. ಪ್ರಿಯಾನೇ ಹೇಳಿದ್ಲು, ಅತ್ತೆ ಕೆಮ್ಮೋದು ಕೇಳಕ್ಕಾಗಲ್ಲ ಅಂತ. ಅಪ್ಪಾಜಿನೂ ಒಪ್ಪಿದಾರೆ."

ಒಳಗಿನ ಕುರ್ಚಿಯಲ್ಲಿ ಷಡಕ್ಷರಪ್ಪ ಪೇಪರಿನ ಹಿಂದೆ ಮುಖ ಇಟ್ಟುಕೊಂಡಿದ್ದರು. ಪ್ರಿಯದರ್ಶಿನಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಯುಗಾದಿಗೆ ದೊಡ್ಡ ಬೋರ್ಡು ಹಾಕಿಸ್ತೀಯಲ್ಲ," ಎಂದರು ಉಮಾಮಹೇಶ್ವರಿ.

"ಹಾಕಿಸ್ತೀನಿ. ಅಲ್ಲೀತಂಕ ಯಾಕೆ ಹೊಗೆ ಕುಡೀತೀಯ?" ಜ್ಞಾನೇಶ್ ಎಲ್ಲರೂ ಇಷ್ಟು ದಿನ ಹೇಳದೆ ಬಿಟ್ಟಿದ್ದನ್ನು ಹೇಳಿದ. "ಅಕ್ಕ ಬರಲ್ಲ ಅಂತ ನಿಂಗೂ ಗೊತ್ತು."

"ಗೊತ್ತು."

"ಮತ್ತೆ? ಒಂದು ಖಾನೆ ಸುಮ್ನೆ ಬಿದ್ದಿದೆ. ಕೊಟ್ಬಿಡಮ್ಮ ಅದನ್ನ."

ಉಮಾಮಹೇಶ್ವರಿ ಬೋರ್ಡಿನ ಮುಚ್ಚಳ ಮುಚ್ಚಿದರು. ಅದರ ಮೇಲೆ ಅಂಗೈ ಇಟ್ಟು, ಬಿಸಿಯಿದೆಯೇ ಎಂದು ನೋಡಿದರು. ತಣ್ಣಗಿತ್ತು.

"ಕೊಡಲ್ಲ," ಎಂದರು.